ಮನಃಸ್ಥಿತಿ ಮತ್ತು ಆತಂಕದ ಸ್ವವರದಿ ಪ್ರಶ್ನಾವಳಿಗಳು: ಕಾಲ, ಪ್ರಮಾಣ ಮತ್ತು ಕನ್ನಡದ ಕ್ರಿಯಾರೂಪ

ಸಾರಾಂಶ

ಖಿನ್ನತೆ ಮತ್ತು ಆತಂಕಗಳ ಏರಿಳಿತವನ್ನು ಅರಿಯಲು ಒಬ್ಬ ವ್ಯಕ್ತಿಗೆ ಒಂದೇ ಪ್ರಶ್ನಾವಳಿಯನ್ನು ಮತ್ತೆ ಮತ್ತೆ ಕೊಡುವುದು ಚಿಕಿತ್ಸೆಯಲ್ಲಿಯೂ ಸಂಶೋಧನೆಯಲ್ಲಿಯೂ ರೂಢಿಯಾಗಿದೆ. ಇಂತಹ ಪ್ರಶ್ನಾವಳಿಗಳನ್ನು ಹೋಲಿಸುವವರು ಸಾಮಾನ್ಯವಾಗಿ ಅವುಗಳ ಸಂಖ್ಯಾಶಾಸ್ತ್ರೀಯ ಗುಣಗಳನ್ನು ನೋಡುತ್ತಾರೆ. ಈ ಲೇಖನದಲ್ಲಿ ನಾವು ಅವುಗಳ ವಾಕ್ಯಗಳನ್ನು ನೋಡುತ್ತೇವೆ. ಯಾವ ಅವಧಿಯನ್ನು ಕೇಳಲಾಗಿದೆ, ಉತ್ತರದ ಮೆಟ್ಟಿಲುಗಳು ಯಾವ ಪದಗಳಿಂದ ಆಗಿವೆ, ಅನುಭವಿಸುವವನು ವಾಕ್ಯದಲ್ಲಿ ಯಾವ ವಿಭಕ್ತಿಯಲ್ಲಿ ನಿಂತಿದ್ದಾನೆ ಎಂಬ ಮೂರು ಸಂಗತಿಗಳು ಕನ್ನಡಕ್ಕೆ ಬಂದಾಗ ಅಂಕಗಳ ಹೋಲಿಕೆಯನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ವಿವರಿಸುತ್ತೇವೆ.

ಪ್ರಮುಖ ಪದಗಳು: ಸ್ವವರದಿ, ಸ್ಮರಣಾವಧಿ, ಅನುಭವಿ ಕರ್ತೃ, ಚತುರ್ಥಿ ವಿಭಕ್ತಿ, ಪರಿಮಾಣವಾಚಿ, ಅನುವಾದ

1. ಪೀಠಿಕೆ

ಮಾರ್ಚ್ ತಿಂಗಳಲ್ಲಿ ಒಬ್ಬರ ಅಂಕ 14, ಜೂನ್ ತಿಂಗಳಲ್ಲಿ 9. ಅವರು ಸುಧಾರಿಸಿದ್ದಾರೆಯೆ? ಉತ್ತರಿಸುವ ಮೊದಲು ಅದು ಯಾವ ಪ್ರಶ್ನಾವಳಿಯ 14 ಎಂದು ಕೇಳಬೇಕಾಗುತ್ತದೆ. ಕ್ರೋಎನ್ಕೆ, ಸ್ಪಿಟ್ಜರ್ ಮತ್ತು ವಿಲಿಯಮ್ಸ್ 2001ರಲ್ಲಿ ಪ್ರಕಟಿಸಿದ ಪಿಎಚ್‌ಕ್ಯು-9ರಲ್ಲಿ ಗರಿಷ್ಠ ಅಂಕ 27. ಅಲ್ಲಿ 14 ಎಂದರೆ ಮಧ್ಯಮ ಖಿನ್ನತೆ, 9 ಎಂದರೆ ಸೌಮ್ಯ. ಅದೇ ಬಳಗದಿಂದ 2006ರಲ್ಲಿ ಬಂದ, ಆತಂಕವನ್ನು ಅಳೆಯುವ ಜಿಎಡಿ-7ರಲ್ಲಿ ಗರಿಷ್ಠ ಅಂಕ 21. ಅಲ್ಲಿಯೂ 14 ಮಧ್ಯಮವೇ, 9 ಸೌಮ್ಯವೇ. ಜಿಗ್ಮಂಡ್ ಮತ್ತು ಸ್ನೇತ್ 1983ರಲ್ಲಿ ಆಸ್ಪತ್ರೆಯ ಹೊರರೋಗಿಗಳಿಗಾಗಿ ರಚಿಸಿದ ಹ್ಯಾಡ್ಸ್ ಪ್ರಶ್ನಾವಳಿಯ ಎರಡು ಭಾಗಗಳಲ್ಲಿಯೂ ಗರಿಷ್ಠ ಅಂಕ 21. ಆದರೆ ಅಲ್ಲಿ 11 ಮತ್ತು ಅದಕ್ಕೆ ಮೇಲ್ಪಟ್ಟದ್ದು ಸ್ಪಷ್ಟ ತೊಂದರೆ, 8ರಿಂದ 10 ಸಂದೇಹದ ವಲಯ. ರ‍್ಯಾಡ್ಲಾಫ್ ಅವರ 1977ರ ಸಿಇಎಸ್-ಡಿಯಲ್ಲಿ ಗರಿಷ್ಠ ಅಂಕ 60, ರೂಢಿಯ ಗಡಿ 16. ಅಲ್ಲಿ 14 ಗಡಿಯನ್ನೇ ಮುಟ್ಟುವುದಿಲ್ಲ.

ಇಷ್ಟು ಎಲ್ಲರಿಗೂ ತಿಳಿದದ್ದೇ. ಅಂಕಗಳನ್ನು ಒಂದು ಅಳತೆಯಿಂದ ಇನ್ನೊಂದಕ್ಕೆ ಪರಿವರ್ತಿಸುವ ಕೋಷ್ಟಕಗಳೂ ಇವೆ; ಪಿಎಚ್‌ಕ್ಯು-9, ಬೆಕ್ ಅವರ ಖಿನ್ನತಾ ಪ್ರಶ್ನಾವಳಿಯ ಎರಡನೆಯ ಆವೃತ್ತಿ ಮತ್ತು ಸಿಇಎಸ್-ಡಿ ಮೂರನ್ನೂ ಸರಾಸರಿ 50, ಪ್ರಮಾಣ ವಿಚಲನೆ 10 ಇರುವ ಒಂದೇ ಅಳತೆಗೋಲಿಗೆ ತರುವ ಪ್ರಯತ್ನ 2014ರಲ್ಲಿ ನಡೆಯಿತು. ಆದರೆ ಅಂತಹ ಕೋಷ್ಟಕ ಅಮೆರಿಕದ ಇಂಗ್ಲಿಷ್ ಭಾಷಿಕರ ಉತ್ತರಗಳ ಮೇಲೆ ನಿಂತಿದೆ. ಕನ್ನಡದ ಪ್ರಶ್ನೆಗೆ ಕನ್ನಡದಲ್ಲಿ ಬಂದ ಉತ್ತರಕ್ಕೆ ಅದನ್ನು ಅನ್ವಯಿಸಬೇಕಾದರೆ ವಾಕ್ಯಗಳು ಎರಡೂ ಭಾಷೆಗಳಲ್ಲಿ ಒಂದೇ ಕೆಲಸವನ್ನು ಮಾಡುತ್ತಿವೆ ಎಂದು ಮೊದಲು ತೋರಿಸಬೇಕು. ಇದು ಸಂಖ್ಯಾಶಾಸ್ತ್ರಜ್ಞರಿಗೆ ಎಷ್ಟು ಸೇರಿದ್ದೋ ಭಾಷಾವಿಜ್ಞಾನಿಗಳಿಗೂ ಅಷ್ಟೇ ಸೇರಿದ್ದು ಎಂಬುದು ನಮ್ಮ ನಿಲುವು.

2. ಯಾವ ಕಾಲವನ್ನು ಕೇಳಲಾಗಿದೆ?

ಪಿಎಚ್‌ಕ್ಯು-9 ಮತ್ತು ಜಿಎಡಿ-7 ಕಳೆದ ಎರಡು ವಾರಗಳನ್ನು ಕೇಳುತ್ತವೆ. ಹ್ಯಾಡ್ಸ್, ಸಿಇಎಸ್-ಡಿ, ಆಸ್ಟ್ರೇಲಿಯದ ಲೋವಿಬಾಂಡ್ ಮತ್ತು ಲೋವಿಬಾಂಡ್ 1995ರಲ್ಲಿ ಪ್ರಕಟಿಸಿದ ಡ್ಯಾಸ್ ಮತ್ತು ಬಾಣಂತಿಯರಿಗಾಗಿ 1987ರಲ್ಲಿ ಸಿದ್ಧವಾದ ಎಡಿನ್‌ಬರೊ ಪ್ರಶ್ನಾವಳಿ ಒಂದು ವಾರವನ್ನು ಕೇಳುತ್ತವೆ. ಕೆಸ್ಲರ್ ಅವರ ಕೆ-10 ಸುಮಾರು ಒಂದು ತಿಂಗಳನ್ನು ಕೇಳುತ್ತದೆ. ಎರಡು ವಾರದ ಅವಧಿ ಮನಸ್ಸಿನ ಸಹಜ ಗತಿಯಿಂದ ಹುಟ್ಟಿದ್ದಲ್ಲ, ಖಿನ್ನತೆಯ ರೋಗನಿರ್ಣಯದ ನಿಯಮದಿಂದ ಬಂದದ್ದು. ಆದರೆ ಸಾರ್ವತ್ರಿಕ ಆತಂಕದ ರೋಗನಿರ್ಣಯಕ್ಕೆ ಆರು ತಿಂಗಳ ಅವಧಿ ಬೇಕು; ಜಿಎಡಿ-7 ಮಾತ್ರ ಎರಡೇ ವಾರವನ್ನು ಕೇಳುತ್ತದೆ. ಜೊತೆಗಾರ ಪ್ರಶ್ನಾವಳಿಯೊಂದಿಗೆ ಹೊಂದಿಕೆಯಾಗಲಿ ಎಂಬ ಅನುಕೂಲವೇ ಇಲ್ಲಿ ಶಾಸ್ತ್ರಕ್ಕಿಂತ ಮೇಲಾಗಿದೆ ಎಂದು ನಮಗೆ ತೋರುತ್ತದೆ.

ಕಾಲಾನುಕ್ರಮದ ಅಳತೆಯಲ್ಲಿ ಇದರ ಪರಿಣಾಮ ನೇರವಾದದ್ದು. ಎರಡು ವಾರದ ಪ್ರಶ್ನೆಯನ್ನು ವಾರಕ್ಕೊಮ್ಮೆ ಕೇಳಿದರೆ ಒಂದರ ಪಕ್ಕದ ಇನ್ನೊಂದು ಉತ್ತರದಲ್ಲಿ ಏಳು ದಿನಗಳು ಎರಡು ಸಲ ಲೆಕ್ಕಕ್ಕೆ ಬರುತ್ತವೆ. ರೇಖೆ ನಯವಾಗಿ ಕಾಣುತ್ತದೆ. ಆ ನಯ ವ್ಯಕ್ತಿಯದಲ್ಲ, ಪ್ರಶ್ನೆಯದು. ಮೂರನೆಯ ವಾರದಲ್ಲಿ ಥಟ್ಟನೆ ಕುಸಿದವರ ಅಂಕ ಮೂರನೆಯ ವಾರದಲ್ಲಿ ಅರ್ಧ ಮಾತ್ರ ಏರಿ, ಉಳಿದರ್ಧ ನಾಲ್ಕನೆಯ ವಾರದಲ್ಲಿ ಏರುವುದು ಸಾಧ್ಯ. ವಾರಕ್ಕೊಮ್ಮೆ ಕೇಳುವುದಾದರೆ ವಾರವನ್ನೇ ಕೇಳುವ ಪ್ರಶ್ನಾವಳಿ ಲೇಸು.

ಈ ಅವಧಿಗಳು ಕನ್ನಡಕ್ಕೆ ಬಂದಾಗ ಇನ್ನೊಂದು ತೊಡಕು ಹುಟ್ಟುತ್ತದೆ. ನಮ್ಮ ಆಡುಮಾತಿನಲ್ಲಿ ವಾರಕ್ಕೆ ‘ಎಂಟು ದಿನ’ ಎಂದೂ ಎರಡು ವಾರಕ್ಕೆ ‘ಹದಿನೈದು ದಿನ’ ಎಂದೂ ಹೇಳುತ್ತೇವೆ. ಎರಡು ಬಾರಿ ಎಂಟು ಹದಿನಾರಾಗಬೇಕಲ್ಲ ಎಂದು ಯಾರೂ ಕೇಳುವುದಿಲ್ಲ. ಇವು ಎಣಿಕೆಯಲ್ಲ, ಅಂದಾಜಿನ ಹೆಸರುಗಳು. ‘ಮೊನ್ನೆ’ ಎಂಬುದು ನಿನ್ನೆಯ ಹಿಂದಿನ ದಿನವೂ ಹೌದು, ಒಂದೆರಡು ತಿಂಗಳ ಹಿಂದಿನ ಮಾತೂ ಹೌದು. ‘ಈಗ’ ಎಂಬ ಸರಳ ಪದವೂ ಹೀಗೆಯೇ: ‘ಈಗ ಊಟ ಮಾಡುತ್ತಿದ್ದಾನೆ’ ಎನ್ನುವಾಗ ಈ ಗಳಿಗೆ, ‘ಈಗ ಮೈಸೂರಿನಲ್ಲಿದ್ದಾನೆ’ ಎನ್ನುವಾಗ ಈ ದಿನಮಾನ. ಮೊಬೈಲ್ ದೂರವಾಣಿಯಲ್ಲಿ ದಿನಕ್ಕೆ ಹಲವು ಬಾರಿ ‘ಈಗ ಹೇಗಿದ್ದೀರಿ’ ಎಂದು ಕೇಳುವ ಕ್ಷಣಿಕ ಮಾಪನ ಪದ್ಧತಿ ನೆನಪಿನ ದೋಷವನ್ನು ತಪ್ಪಿಸಲೆಂದೇ ಹುಟ್ಟಿದ್ದು. ಅದಕ್ಕೆ ‘ಈಗ ಪರವಾಗಿಲ್ಲ’ ಎಂಬ ಉತ್ತರ ಬಂದರೆ ಅದು ಆ ಕ್ಷಣದ ಮಾತೋ, ಈ ತಿಂಗಳ ಮಾತೋ ತಿಳಿಯುವುದಿಲ್ಲ. ‘ಈ ಕ್ಷಣದಲ್ಲಿ’ ಎಂದು ಬರೆಯುವುದು ಪುಸ್ತಕದ ಭಾಷೆಯಾದರೂ ಇಲ್ಲಿ ಅದನ್ನು ಸಹಿಸಿಕೊಳ್ಳಬೇಕು.

3. ಸ್ಥಿತಿಯೋ ಸ್ವಭಾವವೋ

ಸ್ಪೀಲ್‌ಬರ್ಗರ್ ಮತ್ತು ಸಂಗಡಿಗರು 1970ರಲ್ಲಿ ಪ್ರಕಟಿಸಿದ ಎಸ್‌ಟಿಎಐ ಪ್ರಶ್ನಾವಳಿ ಆತಂಕವನ್ನು ಎರಡಾಗಿ ಒಡೆಯುತ್ತದೆ: ಈ ಕ್ಷಣದ ಸ್ಥಿತಿಗೆ 20 ವಾಕ್ಯಗಳು, ವ್ಯಕ್ತಿಯ ಸ್ವಭಾವಕ್ಕೆ 20 ವಾಕ್ಯಗಳು. ಮೊದಲನೆಯದು ಪರೀಕ್ಷೆಯ ಹಿಂದಿನ ದಿನ ಏರಬೇಕು, ಮುಗಿದ ಮೇಲೆ ಇಳಿಯಬೇಕು. ಎರಡನೆಯದು ಹೆಚ್ಚು ಅಲುಗಬಾರದು. ಇಂಗ್ಲಿಷಿನಲ್ಲಿ ಈ ಭೇದದ ಹೊರೆಯನ್ನು ಹೊರುವುದು ಬಹುಮಟ್ಟಿಗೆ ಸೂಚನೆಯ ವಾಕ್ಯ ಮತ್ತು ಉತ್ತರದ ಪದಗಳು. ಎರಡೂ ಭಾಗಗಳ ವಾಕ್ಯಗಳಲ್ಲಿ ಕ್ರಿಯಾಪದದ ರೂಪ ಹೆಚ್ಚಾಗಿ ಒಂದೇ. ಕನ್ನಡದಲ್ಲಿ ಹಾಗಲ್ಲ.

(1) ಅ. ನನಗೆ ಗಾಬರಿಯಾಗಿದೆ.
(1) ಆ. ನನಗೆ ಗಾಬರಿಯಾಗುತ್ತಿದೆ.
(1) ಇ. ನನಗೆ ಗಾಬರಿಯಾಗುತ್ತದೆ.

(1ಅ) ಉಂಟಾಗಿ ನಿಂತಿರುವ ಸ್ಥಿತಿಯನ್ನು ಹೇಳುತ್ತದೆ. (1ಆ) ಏರುತ್ತಿರುವ ಅಥವಾ ಈಚೆಗೆ ಮರುಕಳಿಸುತ್ತಿರುವ ಸ್ಥಿತಿಯನ್ನು. (1ಇ) ರೂಢಿಯನ್ನು, ಅಂದರೆ ಸ್ವಭಾವವನ್ನು. ಇದರ ಮೇಲೆ (1ಇ) ಭವಿಷ್ಯತ್ತಿನ ಅರ್ಥವನ್ನೂ ಕೊಡಬಲ್ಲದು: ನಾಳೆ ವೇದಿಕೆ ಹತ್ತಿದರೆ ನನಗೆ ಗಾಬರಿಯಾಗುತ್ತದೆ. ಸ್ಥಿತಿಯನ್ನು ಅಳೆಯಬೇಕಾದ ಪ್ರಶ್ನಾವಳಿಯ ಅನುವಾದದಲ್ಲಿ ‘-ಉತ್ತದೆ’ ನುಸುಳಿದರೆ ಸೂಚನೆ ಏನೇ ಹೇಳಲಿ, ಓದುಗ ತನ್ನ ಸ್ವಭಾವವನ್ನು ವರದಿ ಮಾಡುತ್ತಾನೆ. ಚಿಕಿತ್ಸೆ ಫಲಿಸಿದರೂ ಅಂಕ ಇಳಿಯುವುದಿಲ್ಲ. ಇಂಗ್ಲಿಷಿನ ಸರಳ ವರ್ತಮಾನಕ್ಕೆ ‘-ಉತ್ತದೆ’ಯನ್ನು ಯಾಂತ್ರಿಕವಾಗಿ ಹಚ್ಚುವುದು ನಮ್ಮ ಅನುವಾದಗಳ ಹಳೆಯ ಚಾಳಿ. ಕಥೆ ಕಾದಂಬರಿಗಳಲ್ಲಿ ಅದು ಬರಿಯ ಶೈಲಿಯ ದೋಷವಾಗಬಹುದು, ಇಲ್ಲಿ ಅಳತೆಯ ದೋಷ.

ಗೋಲ್ಡ್‌ಬರ್ಗ್ ಅವರ ಜಿಎಚ್‌ಕ್ಯು ಇನ್ನೊಂದು ಬಗೆಯಲ್ಲಿ ಕಾಲವನ್ನು ಸುತ್ತುತ್ತದೆ. ಅದರ ಉತ್ತರಗಳು ‘ಎಂದಿನಷ್ಟೇ’, ‘ಎಂದಿಗಿಂತ ಹೆಚ್ಚು’ ಎಂಬ ಮಾದರಿಯವು. ಹೊಸದಾಗಿ ಎದ್ದ ತೊಂದರೆಯನ್ನು ಗುರುತಿಸಲು ಇದು ಚೆನ್ನ. ಆದರೆ ವರ್ಷಗಳಿಂದ ನಿದ್ದೆಗೆಟ್ಟವರು ‘ಎಂದಿಗಿಂತ ಹೆಚ್ಚೇನಿಲ್ಲ’ ಎಂದು ಗುರುತು ಹಾಕಿ ಸೊನ್ನೆ ಅಂಕ ಪಡೆಯುತ್ತಾರೆ. ಅವರ ಪಾಲಿಗೆ ನಿದ್ದೆಗೇಡೇ ‘ಎಂದಿನದು’. ಈ ಕೊರತೆಯನ್ನು ತುಂಬಲು 1985ರಲ್ಲಿ ಗುಡ್‌ಚೈಲ್ಡ್ ಮತ್ತು ಡಂಕನ್-ಜೋನ್ಸ್ ಬೇರೊಂದು ಅಂಕಪದ್ಧತಿಯನ್ನೇ ಸೂಚಿಸಬೇಕಾಯಿತು. ಹ್ಯಾಡ್ಸ್ ಸಹ ಕೆಲವು ವಾಕ್ಯಗಳಲ್ಲಿ ಹಿಂದಿನ ತನ್ನೊಂದಿಗೆ ಹೋಲಿಸಿಕೊಳ್ಳಲು ಕೇಳುತ್ತದೆ. ಮೂರು ತಿಂಗಳಿಗೊಮ್ಮೆ ಕೇಳುತ್ತ ಹೋದರೆ ಆ ‘ಹಿಂದೆ’ಯೂ ಮುಂದಕ್ಕೆ ಸರಿಯುತ್ತ ಬರುತ್ತದೆ.

4. ಉತ್ತರದ ಮೆಟ್ಟಿಲುಗಳು

ಪಿಎಚ್‌ಕ್ಯು-9 ಆವರ್ತನವನ್ನು ಕೇಳುತ್ತದೆ, ಎಷ್ಟು ದಿನ ಎಂದು. ಹ್ಯಾಡ್ಸ್ ಪ್ರತಿ ವಾಕ್ಯಕ್ಕೂ ಬೇರೆ ಬೇರೆ ಉತ್ತರಗಳನ್ನು ಒದಗಿಸುತ್ತದೆ, ಕೆಲವೆಡೆ ಆವರ್ತನ, ಕೆಲವೆಡೆ ತೀವ್ರತೆ. ಡ್ಯಾಸ್ ಎರಡನ್ನೂ ಒಂದೇ ಉತ್ತರದಲ್ಲಿ ‘ಅಥವಾ’ ಹಾಕಿ ಕಟ್ಟುತ್ತದೆ. ಇದು ನಮಗೆ ಒಪ್ಪಿಗೆಯಾಗದ ರಚನೆ. ವಾರಕ್ಕೊಂದು ದಿನ ಜೀವ ಹೋಗುವಷ್ಟು ಗಾಬರಿಯಾಗುವವರು, ದಿನವಿಡೀ ಸಣ್ಣಗೆ ಕಳವಳಪಡುವವರು ಇಬ್ಬರೂ ಇದ್ದಾರೆ. ಚಿಕಿತ್ಸೆಯಿಂದ ಮೊದಲಿನವರು ಎರಡನೆಯವರಂತಾದರೆ ಅಂಕ ಏನಾಗಬೇಕು?

ಆವರ್ತನದ ಮೆಟ್ಟಿಲುಗಳಿಗೆ ಬರೋಣ. ಪಿಎಚ್‌ಕ್ಯು-9ರ ನಾಲ್ಕು ಉತ್ತರಗಳಲ್ಲಿ ಎರಡನೆಯದನ್ನು ಕನ್ನಡದಲ್ಲಿ ‘ಹಲವು ದಿನ’ ಎನ್ನಬೇಕೆ, ‘ಕೆಲವು ದಿನ’ ಎನ್ನಬೇಕೆ? ನಿಘಂಟು ಎರಡಕ್ಕೂ ಅವಕಾಶ ಕೊಡುತ್ತದೆ. ಆದರೆ ಕನ್ನಡದಲ್ಲಿ ‘ಕೆಲವು’ ಮತ್ತು ‘ಹಲವು’ ಒಂದರ ಮೇಲೊಂದು ನಿಂತ ಜೋಡಿ. ‘ಕೆಲವರು ಹೋದರು, ಹಲವರು ಉಳಿದರು’ ಎಂದರೆ ಉಳಿದವರೇ ಹೆಚ್ಚು. ಹದಿನಾಲ್ಕು ದಿನಗಳಲ್ಲಿ ‘ಹಲವು’ ಎಂದರೆ ಎಂಟೊಂಬತ್ತು ಎಂದು ತಿಳಿಯಲು ಅಡ್ಡಿಯಿಲ್ಲ. ಆಗ ಅದು ಮುಂದಿನ ಮೆಟ್ಟಿಲಾದ ‘ಅರ್ಧಕ್ಕಿಂತ ಹೆಚ್ಚು ದಿನ’ದ ಜಾಗವನ್ನು ಆಕ್ರಮಿಸುತ್ತದೆ. ಆರು ದಿನ ಬಳಲಿದವರು ‘ಹಲವು’ ಎಂಬುದಕ್ಕೆ ಹಿಂಜರಿದು ಸೊನ್ನೆಗೆ ಇಳಿಯಬಹುದು. ಒಂಬತ್ತು ದಿನ ಬಳಲಿದವರು ‘ಹಲವು’ ಎಂಬಲ್ಲೇ ನಿಂತು ಒಂದಂಕ ಕಳೆದುಕೊಳ್ಳಬಹುದು. ಎರಡೂ ಕಡೆ ನಷ್ಟ ಒಂದೇ ದಿಕ್ಕಿಗೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹಿಂದೊಮ್ಮೆ ಇಂತಹ ಒಂದು ನಮೂನೆಯ ಭಾಷೆಯನ್ನು ತಿದ್ದಿಕೊಡಲು ನಮ್ಮನ್ನು ಕೇಳಿದ್ದರು. ಅದು ಆಗಲೇ ಬಳಕೆಯಲ್ಲಿತ್ತು ಎಂಬುದನ್ನು ನಾವು ವಿಚಾರಿಸಲಿಲ್ಲ. ‘ಹಲವು ದಿನ’ವನ್ನು ‘ಕೆಲವು ದಿನ’ ಮಾಡಿದೆವು. ಭಾಷೆ ಉತ್ತಮವಾಯಿತೆಂದು ಹಿಗ್ಗಿದೆವು. ತಿದ್ದುವ ಮೊದಲು ಒಂದು ಬಾರಿ ಉತ್ತರಿಸಿದ್ದವರೇ ತಿದ್ದಿದ ಮೇಲೆ ಇನ್ನೊಂದು ಬಾರಿ ಉತ್ತರಿಸಿದ್ದರು. ಅವರ ಅಂಕಗಳಲ್ಲಿ ಕಂಡ ವ್ಯತ್ಯಾಸ ಅವರದೋ ನಮ್ಮ ತಿದ್ದುಪಡಿಯದೋ ಎಂದು ಬೇರ್ಪಡಿಸುವ ದಾರಿ ಉಳಿದಿರಲಿಲ್ಲ. ಒಂದು ಪದದಿಂದ ಎರಡು ಸುತ್ತಿನ ಉತ್ತರಗಳು ಪರಸ್ಪರ ಅಪರಿಚಿತವಾದವು. ಕೆಟ್ಟ ಅನುವಾದವನ್ನು ಸಹ ನಡುದಾರಿಯಲ್ಲಿ ತಿದ್ದಬಾರದು. ತಿದ್ದಲೇಬೇಕಾದರೆ ಕೆಲಕಾಲ ಎರಡನ್ನೂ ಒಟ್ಟಿಗೆ ಕೊಟ್ಟು ಅವುಗಳ ಅಂತರವನ್ನು ತಿಳಿಯಬೇಕು.

ಈ ತೊಡಕಿಗೆ ಪರಿಹಾರವಿಲ್ಲದೆ ಇಲ್ಲ. ಅಮೆರಿಕದ ಆರೋಗ್ಯ ಸಮೀಕ್ಷೆಯೊಂದರಲ್ಲಿ ಎಂಟು ಪ್ರಶ್ನೆಗಳ ಪಿಎಚ್‌ಕ್ಯು-8ನ್ನು ಬಳಸುವಾಗ ಪದಗಳನ್ನು ಬಿಟ್ಟು ದಿನಗಳ ಸಂಖ್ಯೆಯನ್ನೇ ಕೇಳಿ, 0–1, 2–6, 7–11, 12–14 ಎಂದು ನಾಲ್ಕು ಮೆಟ್ಟಿಲುಗಳಿಗೆ ಹಂಚಿದರು. ಕನ್ನಡಕ್ಕೆ ಇದು ಬಹಳ ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ. ಜನ ದಿನಗಳನ್ನು ನಿಖರವಾಗಿ ಎಣಿಸಿ ಹೇಳುತ್ತಾರೆಂದಲ್ಲ. ಅವರ ತಪ್ಪು ಎರಡೂ ಬಾರಿ ಒಂದೇ ಬಗೆಯ ತಪ್ಪಾಗಿರುತ್ತದೆ ಎಂಬುದಕ್ಕಾಗಿ.

ಸೊನ್ನೆಯ ಮೆಟ್ಟಿಲು ‘ಇಲ್ಲವೇ ಇಲ್ಲ’ ಎಂಬುದರಲ್ಲಿಯೂ ಕನ್ನಡದ್ದೇ ಒಂದು ಸುಳಿ ಇದೆ. ಪಿಎಚ್‌ಕ್ಯು-9ರ ಮೊದಲ ಪ್ರಶ್ನೆ ಆಸಕ್ತಿಯ ಕೊರತೆಯನ್ನು ಕುರಿತದ್ದು. ಅದನ್ನು ಗಟ್ಟಿಯಾಗಿ ಓದಿ ಹೇಳಿದಾಗ ‘ಕೆಲಸದಲ್ಲಿ ಆಸಕ್ತಿ ಇಲ್ಲವೆ?’ ಎಂದಾಗುತ್ತದೆ. ‘ಇಲ್ಲ’ ಎಂಬ ಉತ್ತರ ಕನ್ನಡದಲ್ಲಿ ಸಹಜವಾಗಿ ‘ಆಸಕ್ತಿ ಇಲ್ಲ’ ಎಂಬುದನ್ನೇ ಒಪ್ಪುತ್ತದೆ. ನಮೂನೆ ತುಂಬುವವರು ಅದನ್ನು ‘ತೊಂದರೆ ಇಲ್ಲ’ ಎಂದು ಬರೆದುಕೊಂಡರೆ ಮೂರು ಅಂಕದ ಜಾಗದಲ್ಲಿ ಸೊನ್ನೆ ಬರುತ್ತದೆ. ಓದಲು ಬಾರದವರಿಗೆ ಬೇರೆಯವರು ಓದಿ ಹೇಳುವ ಸಂದರ್ಭಗಳು ನಮ್ಮಲ್ಲಿ ವಿರಳವಲ್ಲ. ಅಂತಹ ಸಂದರ್ಭದಲ್ಲಿ ಗ್ರಾಂಥಿಕ ವಾಕ್ಯ ಓದುವವರ ಬಾಯಲ್ಲಿ ಆ ಊರಿನ ಆಡುಮಾತಾಗುತ್ತದೆ; ಪ್ರತಿ ಓದೂ ಹೊಸ ಅನುವಾದ. ಸ್ವವರದಿ ಎಂಬ ಹೆಸರು ಅಲ್ಲಿ ಸಲ್ಲುವುದಿಲ್ಲ.

5. ಅನುಭವಿಯ ವಿಭಕ್ತಿ

ಕನ್ನಡದಲ್ಲಿ ಭಾವಗಳು ವ್ಯಕ್ತಿಗೆ ಆಗುತ್ತವೆ, ಬರುತ್ತವೆ, ಹುಟ್ಟುತ್ತವೆ. ವ್ಯಕ್ತಿ ಚತುರ್ಥಿಯಲ್ಲಿ ನಿಲ್ಲುತ್ತಾನೆ, ಭಾವ ಪ್ರಥಮೆಯಲ್ಲಿ. ಈ ರಚನೆಯನ್ನು ಎಸ್. ಎನ್. ಶ್ರೀಧರ್ ಅವರು 1979ರಷ್ಟು ಹಿಂದೆಯೇ ಕನ್ನಡದ ಉದಾಹರಣೆಗಳಿಂದ ವಿಶ್ಲೇಷಿಸಿ, ಕರ್ತೃ ಎಂಬ ಪರಿಕಲ್ಪನೆಯನ್ನೇ ಪ್ರಶ್ನೆಗೆ ಒಡ್ಡಿದರು. ಪ್ರಶ್ನಾವಳಿಗೆ ಇದರ ಸಂಬಂಧ ಹೀಗಿದೆ.

(2) ಅ. ನನಗೆ ಚಿಂತೆಯಾಗುತ್ತಿದೆ.
(2) ಆ. ನಾನು ಚಿಂತೆ ಮಾಡುತ್ತಿದ್ದೇನೆ.
(2) ಇ. ನಾನು ಟೆನ್ಷನ್ ಮಾಡಿಕೊಳ್ಳುತ್ತಿದ್ದೇನೆ.

ಜಿಎಡಿ-7ರ ಎರಡನೆಯ ಪ್ರಶ್ನೆ ಚಿಂತೆಯನ್ನು ತಡೆಯಲು ಅಥವಾ ಹತೋಟಿಯಲ್ಲಿಡಲು ಆಗದಿರುವುದನ್ನು ಕುರಿತದ್ದು. ಹತೋಟಿಯ ಪ್ರಶ್ನೆ ಏಳುವುದು (2ಆ)ದಲ್ಲಿ. ಮಾಡುವವನಿಗೆ ನಿಲ್ಲಿಸಲೂ ಬರಬೇಕು. (2ಅ)ದಲ್ಲಿ ವ್ಯಕ್ತಿ ಮೊದಲೇ ಹತೋಟಿಯ ಹೊರಗಿದ್ದಾನೆ. ಅದನ್ನು ತಡೆಯಲಾಯಿತೆ ಎಂದು ಕೇಳುವುದು ಮಳೆಯನ್ನು ತಡೆದೆಯಾ ಎಂದು ಕೇಳಿದಂತೆ. (2ಇ)ರ ‘ಕೊಳ್ಳು’ ಹೊಣೆಯನ್ನು ಪೂರ್ತಿಯಾಗಿ ವ್ಯಕ್ತಿಯ ತಲೆಗೆ ಕಟ್ಟುತ್ತದೆ. ‘ಟೆನ್ಷನ್ ಮಾಡಿಕೊಳ್ಳಬೇಡ’ ಎನ್ನುವವರಿಗೆ ಅದು ಉಪದೇಶ; ಕೇಳುವವರಿಗೆ ಒಮ್ಮೊಮ್ಮೆ ಆಕ್ಷೇಪ. ಯಾವ ರೂಪವನ್ನು ಆಯ್ದರೂ ಅದು ತಪ್ಪೇನಲ್ಲ, ಆದರೆ ಉತ್ತರ ಬೇರೆಯಾಗಬಹುದು. ಇನ್ನೊಂದು ಸೂಕ್ಷ್ಮವೂ ಇದೆ. ಆಪ್ತಸಮಾಲೋಚನೆಯಲ್ಲಿ ರೋಗಿಗಳು ಕಲಿಯುವುದು ಬಹುತೇಕ (2ಅ)ದಿಂದ (2ಆ)ದ ಕಡೆಗೆ ಸರಿಯುವುದನ್ನೇ: ಚಿಂತೆ ತನ್ನಷ್ಟಕ್ಕೆ ಬರುವುದಲ್ಲ, ತಾನು ಅದನ್ನು ಹಿಂಬಾಲಿಸುತ್ತಿದ್ದೇನೆ ಎಂದು ಗುರುತಿಸುವುದನ್ನು. ಆರು ವಾರಗಳ ಬಳಿಕ ಅದೇ ಪ್ರಶ್ನೆಯನ್ನು ಅವರು ಬೇರೆ ವ್ಯಾಕರಣದಿಂದ ಓದುತ್ತಾರೆ. ಸ್ಪ್ರಾಂಗರ್ಸ್ ಮತ್ತು ಶ್ವಾರ್ಟ್ಜ್ 1999ರಲ್ಲಿ ಉತ್ತರಪಲ್ಲಟ ಎಂಬ ಅರ್ಥದಲ್ಲಿ ವಿವರಿಸಿದ ಸಂಗತಿ ಇದಕ್ಕೆ ಹತ್ತಿರದ್ದು: ವ್ಯಕ್ತಿಯ ಒಳಗಿನ ಅಳತೆಗೋಲು, ಆದ್ಯತೆ ಅಥವಾ ಪದದ ಅರ್ಥವೇ ಬದಲಾಗಿ ಅಂಕ ಬದಲಾಗುವುದು.

ಪದಗಳ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ‘ಬೇಸರ’ದಲ್ಲಿ ದುಃಖವೂ ಜಿಗುಪ್ಸೆಯೂ ಹೊತ್ತು ಹೋಗದಿರುವುದೂ ಇವೆ; ‘ಯೋಚನೆ’ ಆಡುಮಾತಿನಲ್ಲಿ ಚಿಂತೆಯೇ; ‘ಆತಂಕ’ಕ್ಕೆ ಅಡ್ಡಿ ಎಂಬ ಅರ್ಥ ಇನ್ನೂ ಜೀವಂತವಾಗಿದೆ. ಹ್ಯಾಡ್ಸ್‌ನಲ್ಲಿ ಹೊಟ್ಟೆಯೊಳಗಿನ ಚಿಟ್ಟೆಗಳಿಗೆ ಹೋಲಿಸಿದ ಅಂಜಿಕೆಯ ವಾಕ್ಯವೊಂದಿದೆ. ಕನ್ನಡದ ಹೊಟ್ಟೆಯಲ್ಲಿ ಚಿಟ್ಟೆಗಳಿಲ್ಲ. ಅಲ್ಲಿ ಉರಿ ಇದ್ದರೆ ಮತ್ಸರ, ತೊಳಸಿದರೆ ವಾಂತಿಯ ಸೂಚನೆ. ಅಂಜಿಕೆಗೆ ಎದೆಯ ಕಡೆಗೇ ಹೋಗಬೇಕು: ಎದೆ ಡವಗುಟ್ಟುತ್ತದೆ, ಎದೆ ಝಲ್ಲೆನ್ನುತ್ತದೆ. ಹೃದ್ರೋಗಿಗೆ ಆ ವಾಕ್ಯ ಕೊಟ್ಟರೆ ಅದು ಶಾರೀರಿಕ ಲಕ್ಷಣವಾಗಿಬಿಡುತ್ತದೆ. ಶಾರೀರಿಕ ಲಕ್ಷಣಗಳನ್ನು ಆದಷ್ಟು ದೂರವಿಡಬೇಕೆಂಬುದೇ ಹ್ಯಾಡ್ಸ್‌ನ ಮೂಲ ಉದ್ದೇಶವಾಗಿತ್ತು.

6. ವ್ಯತ್ಯಾಸ ಎಷ್ಟಾದರೆ ವ್ಯತ್ಯಾಸ?

ಮೊದಲಿನ 14 ಮತ್ತು 9ಕ್ಕೆ ಹಿಂದಿರುಗೋಣ. ಅಳತೆಯೇ ನಡುಗುವಾಗ ಎಷ್ಟು ಬದಲಾವಣೆಯನ್ನು ನಂಬಬಹುದು ಎಂದು ಲೆಕ್ಕ ಹಾಕುವ ಕ್ರಮವನ್ನು ಜೇಕಬ್ಸನ್ ಮತ್ತು ಟ್ರೂವಾಕ್ಸ್ 1991ರಲ್ಲಿ ಕೊಟ್ಟರು. ಪಿಎಚ್‌ಕ್ಯು-9ರ ಮೂಲ ಅಧ್ಯಯನದಲ್ಲಿ 48 ಗಂಟೆಗಳೊಳಗೆ ಮತ್ತೆ ಕೇಳಿದಾಗ ಎರಡು ಉತ್ತರಗಳ ಸಹಸಂಬಂಧ 0.84 ಇತ್ತು. ಒಂದು ಗುಂಪಿನ ಪ್ರಮಾಣ ವಿಚಲನೆ 6 ಎಂದು ಊಹಿಸಿಕೊಂಡರೆ ಅಳತೆಯ ಪ್ರಮಾಣ ದೋಷ 6 × √0.16, ಅಂದರೆ 2.4, ಎರಡು ಅಳತೆಗಳ ವ್ಯತ್ಯಾಸದ ದೋಷ ಸುಮಾರು 3.4, ಅದನ್ನು 1.96ರಿಂದ ಗುಣಿಸಿದರೆ 6.7ಕ್ಕೆ ಹತ್ತಿರ. ಈ ಲೆಕ್ಕದಂತೆ ಒಬ್ಬ ವ್ಯಕ್ತಿಯಲ್ಲಿ 5 ಅಂಕದ ಇಳಿಕೆ ಅಳತೆಯ ನಡುಕದೊಳಗೇ ಇರಬಹುದು. ಆದರೆ ಚಿಕಿತ್ಸೆಯಲ್ಲಿ 5 ಅಂಕದ ಬದಲಾವಣೆಯನ್ನು ಗಣನೀಯವೆಂದು ಭಾವಿಸುವ ರೂಢಿಯಿದೆ. ಎರಡೂ ಸರಿ: ಒಂದು ಅಳತೆಯ ಖಚಿತತೆಯ ಮಾತು, ಇನ್ನೊಂದು ಜೀವನಕ್ಕೆ ಅದು ತಟ್ಟುವ ಮಾತು.

ಮೊದಲ ಅಂಕವೇ ಎತ್ತರವಾಗಿರುವ ಸಾಧ್ಯತೆಯನ್ನೂ ಕಳೆಯಬೇಕು. ಮೊದಲ ಸಲ ಕೇಳಿದಾಗ ಜನ ತಮ್ಮ ನೋವನ್ನು ಹೆಚ್ಚಾಗಿ ವರದಿ ಮಾಡುವ ಒಲವನ್ನು ಶ್ರೌಟ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದರು. ಅದಲ್ಲದೆ, ಬಹಳ ಕೆಟ್ಟ ದಿನಗಳಲ್ಲೇ ಜನ ವೈದ್ಯರ ಬಳಿ ಹೋಗುತ್ತಾರೆ. ಏನೂ ಮಾಡದಿದ್ದರೂ ಎರಡನೆಯ ಅಂಕ ಸರಾಸರಿಯತ್ತ ಇಳಿಯುವುದು ಸಂಭವನೀಯ. ಚಿಕಿತ್ಸೆ ಆರಂಭಿಸುವ ಮೊದಲೇ ಎರಡು ಬಾರಿ ಕೇಳಿ ಎರಡನೆಯದನ್ನು ಆಧಾರವಾಗಿ ಇಟ್ಟುಕೊಳ್ಳುವುದು ಸುಲಭದ ಎಚ್ಚರಿಕೆ.

ಒಟ್ಟು ಅಂಕ ಮುಚ್ಚಿಡುವ ಸಂಗತಿಗಳೂ ಇವೆ. ಪಿಎಚ್‌ಕ್ಯು-9ರಲ್ಲಿ ನಿದ್ದೆ ಬಾರದಿರುವುದು ಮತ್ತು ಅತಿಯಾಗಿ ನಿದ್ರಿಸುವುದು ಒಂದೇ ಪ್ರಶ್ನೆ, ಹಸಿವಿನದೂ ಹಾಗೆಯೇ. ಮಾರ್ಚ್‌ನಲ್ಲಿ ರಾತ್ರಿಯಿಡೀ ಎಚ್ಚರವಾಗಿದ್ದವರು ಜೂನ್‌ನಲ್ಲಿ ಹಗಲೂ ಮಲಗಿರುವವರಾದರೆ ಅಂಕ ಮೂರಕ್ಕೆ ಮೂರೇ. 1996ರ ಬೆಕ್ ಪ್ರಶ್ನಾವಳಿ ಇದೇ ಎರಡು ವಿಷಯಗಳಲ್ಲಿ ಹೆಚ್ಚು ಮತ್ತು ಕಡಿಮೆಗೆ ಬೇರೆ ಬೇರೆ ಸಾಲುಗಳನ್ನು ಕೊಡುತ್ತದೆ. ಮೊತ್ತದಲ್ಲಿ ದಿಕ್ಕು ಅಳಿಸಿಹೋದರೂ ಕಾಗದದ ಮೇಲೆ ಉಳಿದಿರುತ್ತದೆ. ಎರಡನ್ನು ಹೋಲಿಸಿದರೆ ಈ ಒಂದು ಕಾರಣಕ್ಕೆ ನಮ್ಮ ಒಲವು ಬೆಕ್ ಕಡೆಗೆ. ಪಿಎಚ್‌ಕ್ಯು-9 ಉಚಿತ, ಚಿಕ್ಕದು ಎಂಬ ಕಾರಣಕ್ಕೆ ಗೆಲ್ಲುವುದು ಅದೇ.

ಕೊನೆಯದಾಗಿ ಪಿಎಚ್‌ಕ್ಯು-9ರ ಒಂಬತ್ತನೆಯ ಪ್ರಶ್ನೆ. ಅದು ಸಾವಿನ ಯೋಚನೆಯನ್ನೂ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನೂ ಒಂದೇ ವಾಕ್ಯದಲ್ಲಿ ಕೇಳುತ್ತದೆ. ‘ಸಾಕಪ್ಪಾ ಸಾಕು ಈ ಜೀವನ’, ‘ದುಡಿದು ದುಡಿದು ಸತ್ತೆ’ ಎಂಬ ಮಾತುಗಳು ಕನ್ನಡದಲ್ಲಿ ದಣಿವಿನ ದಿನಬಳಕೆ. ನಿಜವಾದ ನಿರ್ಧಾರವೂ ಇದೇ ಮಾತುಗಳಲ್ಲಿ ಹೊರಬರಬಹುದು. ಆ ಎರಡನ್ನು ಬೇರ್ಪಡಿಸಬಲ್ಲ ಅನುವಾದವನ್ನು ನಾವು ಹುಡುಕಿದೆವು. ಒಂದು ವಾಕ್ಯದಲ್ಲಿ ಅದು ಸಾಧ್ಯವೆಂದು ಅನ್ನಿಸಲಿಲ್ಲ. ಆದ್ದರಿಂದ ಆ ಪ್ರಶ್ನೆಯಲ್ಲಿ ಸೊನ್ನೆಯಲ್ಲದ ಯಾವ ಉತ್ತರವನ್ನೂ ಮೊತ್ತಕ್ಕೆ ಸೇರಿಸಿ ಮುಂದೆ ಸಾಗಬಾರದು. ನಮೂನೆಯನ್ನು ಪಕ್ಕಕ್ಕಿಟ್ಟು, ಅಂದೇ, ಎದುರು ಕುಳಿತು, ಅವರ ಮಾತಿನಲ್ಲೇ ಕೇಳಬೇಕು.